ಹಳದಿ ವೈರಿನ ದಾಯವಿಭಾಗ: ಒಂದು ಮಿತಾಕ್ಷರಾ ವಿಚಾರ

ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಅದರ ದಾಯವಿಭಾಗ ಪ್ರಕರಣ ಇರುವುದು ಅಣ್ಣತಮ್ಮಂದಿರ ಆಸ್ತಿ ಹಂಚಿಕೆಗೆ ಎಂದು ವಿದ್ವಾಂಸರೆಲ್ಲ ನಂಬಿಕೊಂಡು ಬಂದಿದ್ದಾರೆ. ಮದುವೆ ಛತ್ರದಲ್ಲಿ ಒಂದೇ ಕ್ಯಾಮೆರಾದಿಂದ ನಾಲ್ಕು ಟಿವಿಗೆ ಚಿತ್ರ ಹಂಚುವುದಕ್ಕೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಆಗ ಟಿವಿ ಇರಲಿಲ್ಲವಲ್ಲ ಎಂಬ ಆಕ್ಷೇಪವನ್ನು ಗಂಭೀರವಾಗಿ ಪರಿಶೀಲಿಸಿ ಕೈಬಿಡಲಾಗಿದೆ.

ಡಿಜಿಟಲ್ ಬರುವ ಮೊದಲಿನ ಮಾತು. ಧಾರೆಮಂಟಪದ ಮುಂದೆ ವಿಡಿಯೋದವನೂ ಲೈಟು ಹಿಡಿದ ಅವನ ಹುಡುಗನೂ ಅಡ್ಡ ನಿಂತು, ಎರಡನೇ ಸಾಲಿನಿಂದಾಚೆ ಯಾರಿಗೂ ಮದುವೆ ಕಾಣುತ್ತಿರಲಿಲ್ಲ. ಪ್ರಾಯಶ್ಚಿತ್ತವಾಗಿ ಅದೇ ಕ್ಯಾಮೆರಾದ ಹಳದಿ ಪಿನ್ನಿನಿಂದ ವೈರು ಎಳೆದು ಸಭೆಗೊಂದು, ಊಟದ ಹಾಲಿಗೊಂದು ಟಿವಿ ಇಡುತ್ತಿದ್ದರು. ಊಟದ ಹಾಲಿನ ಟಿವಿಯ ಪ್ರಯೋಜನ ಧಾರ್ಮಿಕವಲ್ಲ. ತಾಳಿ ಕಟ್ಟಿದ್ದು ಕಂಡೊಡನೆ ಮೊದಲ ಪಂಕ್ತಿಯಲ್ಲಿ ಎಲೆ ಹಿಡಿಯಬಹುದು, ಅಷ್ಟೇ.

ಆ ಹಳದಿ ವೈರಿನಲ್ಲಿರುವ ಪಿತ್ರಾರ್ಜಿತ ಒಂದು ವೋಲ್ಟ್. ಅದರಲ್ಲಿ 0.7 ಚಿತ್ರದ್ದು. ಉಳಿದ 0.3 ಸಿಂಕ್, ಅಂದರೆ ಚಿತ್ರಕ್ಕೆ 625ರಂತೆ ಬರುವ ಗೆರೆಗಳು ಎಲ್ಲೆಲ್ಲಿ ಶುರುವಾಗಬೇಕೆಂದು ಹೇಳುವ ಯಜಮಾನಿಕೆ. ಆದರೆ ಒಂದು ವೋಲ್ಟ್ ಎಂಬುದು ತಂದೆ ಊರಿಗೆ ಹೇಳುವ ಲೆಕ್ಕ. ಕ್ಯಾಮೆರಾದ ಒಳಗಿರುವುದು ಎರಡು. ಅದರ ಬಾಗಿಲಲ್ಲಿ 75 ಓಮ್ ರೋಧ, ಟಿವಿಯ ಬಾಗಿಲಲ್ಲೂ 75. ಸಮಪಾಲಾಗಿ ಒಬ್ಬನೇ ಮಗನಿಗೆ ಒಂದು ವೋಲ್ಟ್ ತಲುಪುತ್ತದೆ.

ಇಲ್ಲಿ ಪೂರ್ವಪಕ್ಷ: ವೈ ಜಾಯಿಂಟ್ ಹಾಕಿ ಎರಡು ಟಿವಿ ಸಿಕ್ಕಿಸಿದರೆ ತಲಾ ಅರ್ಧ ವೋಲ್ಟ್ ಎಂದು ಎಲೆಕ್ಟ್ರಿಕ್ ಅಂಗಡಿಯ ಪಂಡಿತರ ಮತ. ಸಲ್ಲದು. ಎರಡು 75 ಸಮಾಂತರ ನಿಂತರೆ 37.5 ಓಮ್, ಆಗ ತಲಾ ಸಿಗುವುದು 0.67 ವೋಲ್ಟ್. ಮೂರಕ್ಕೆ 0.5, ನಾಲ್ಕಕ್ಕೆ 0.4. ಈ ಅಂಕಿಗಳ ಮರ್ಮ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಬಿಡಿಸಿದಂತಿಲ್ಲ. ಮಿತಾಕ್ಷರಾ ಪದ್ಧತಿಯಲ್ಲಿ ಪಾಲಾಗುವಾಗ ತಂದೆಗೂ ಮಗನಷ್ಟೇ ಒಂದು ಪಾಲು. ಆಸ್ತಿ ಎರಡು ವೋಲ್ಟ್. ಮಕ್ಕಳಿಬ್ಬರಾದರೆ ಪಾಲುದಾರರು ಮೂವರು, ತಲಾ ಎರಡರ ಮೂರನೇ ಒಂದು. ಮಕ್ಕಳು ನಾಲ್ವರಾದರೆ ಎರಡರ ಐದನೇ ಒಂದು. ದಶಾಂಶ ತಪ್ಪದೆ ಕೂಡಿಬರುತ್ತದೆ. ತಂದೆಯ ಬಳಿ ನಿಜಕ್ಕೂ ಎಷ್ಟು ಉಳಿಯಿತೆಂದು ಮಾತ್ರ ಮೀಟರು ಹಿಡಿಯಬಾರದು; ಅದು ಸಿದ್ಧಾಂತಕ್ಕೂ ಒಳ್ಳೆಯದಲ್ಲ, ಸಂಸಾರಕ್ಕೂ ಒಳ್ಳೆಯದಲ್ಲ.

ಹುಟ್ಟಿದೊಡನೆ ಹಕ್ಕು ಎಂಬ ಸೂತ್ರವೂ ಇಲ್ಲಿ ಕಣ್ಣಿಗೇ ಕಾಣುತ್ತದೆ. ವಧುವಿನ ಕೋಣೆಗೊಂದು ಟಿವಿ ಸಿಕ್ಕಿಸಿದ ಕ್ಷಣವೇ ಉಳಿದವು ಮಂಕಾಗುತ್ತವೆ. (ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಕೊಟ್ಟಿತು. ವೈರಿನವನು ಯಾರನ್ನೂ ಕೇಳದೆ ಕೊಟ್ಟಿದ್ದ.) ತಂದೆ ಸತ್ತ ಮೇಲಷ್ಟೇ ಹಕ್ಕು ಎನ್ನುವ ಬಂಗಾಳದ ಜೀಮೂತವಾಹನನ ಮತ ಛತ್ರದಲ್ಲಿ ನಿಲ್ಲುವುದಿಲ್ಲ: ಕ್ಯಾಮೆರಾ ಸತ್ತ ಮೇಲೆ ಟಿವಿಗೆ ದಕ್ಕುವುದು ಬರೀ ನೀಲಿ ಪರದೆ.

ನಾಲ್ಕು ಪಾಲಾದಾಗ 0.3ರ ಯಜಮಾನಿಕೆ 0.12ಕ್ಕೆ ಇಳಿಯುತ್ತದೆ. ಕೆಲವು ಟಿವಿಗಳು ತಾವೇ ಬಲ ಕೂಡಿಸಿಕೊಂಡು ಮರ್ಯಾದೆ ಉಳಿಸುತ್ತವೆ. ಉಳಿದವುಗಳಲ್ಲಿ ಚಿತ್ರ ಉರುಳತೊಡಗಿ, ಪುರೋಹಿತರ ಶಿಖೆ ಕೆಳಗೂ ಪಾದ ಮೇಲೂ ಬರುತ್ತವೆ. ಯಾರೋ ಹಿರಿಯರು ಎದ್ದು ಟಿವಿಯ ತಲೆಗೆ ಬಡಿಯುತ್ತಾರೆ. ಇದಕ್ಕೆ ಶಾಸ್ತ್ರಾಧಾರವಿಲ್ಲ, ಶಿಷ್ಟಾಚಾರವಿದೆ.

ಇನ್ನು ದೇಶಾಂತರ ಹೋದ ಮಗನ ಪ್ರಶ್ನೆ. ಒಂದು ಟಿವಿ ಕಿತ್ತೊಯ್ದು 30 ಮೀಟರ್ ವೈರನ್ನು ಹಾಗೇ ಬಿಟ್ಟರೆ, ಸಿಗ್ನಲ್ ಆ ಬರಿ ತುದಿ ಮುಟ್ಟಿ ವಾಪಸು ಬರುತ್ತದೆ. ವೈರಿನಲ್ಲಿ ಅದರ ವೇಗ ಬೆಳಕಿನ ಸುಮಾರು ಮೂರನೇ ಎರಡು. ಹೋಗಿ ಬರಲು 300 ನ್ಯಾನೊಸೆಕೆಂಡ್. 25 ಇಂಚಿನ ಟಿವಿಯಲ್ಲಿ ಅದು ಸುಮಾರು ಮೂರು ಮಿಲಿಮೀಟರು. ಅಂದರೆ ವಧುವಿನ ಬಲಕ್ಕೆ ಮೂರು ಮಿಲಿಮೀಟರಿನಾಚೆ ಇನ್ನೊಬ್ಬಳು ಮಸುಕು ವಧು. ಪಾಲೂ ಒಯ್ಯದೆ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿಯೂ ಹಾಕದೆ ಹೋದವನಿಂದ ಎಲ್ಲ ಮನೆಯಲ್ಲೂ ಇಷ್ಟಾದರೂ ತೊಡಕು ಇದ್ದೇ ಇರುತ್ತದೆ.

ಸಿದ್ಧಾಂತ: ಅವಿಭಕ್ತ ಕುಟುಂಬ. ಸ್ಟುಡಿಯೊ ಮಾನಿಟರುಗಳ ಬೆನ್ನಲ್ಲಿ ವೈರು ಬರಲೊಂದು, ಹೋಗಲೊಂದು ಕಂಡಿ. ನಡುವಿನವರು ಆಸ್ತಿಯನ್ನು ನೋಡುತ್ತಾರೆ, ಮುಟ್ಟುವುದಿಲ್ಲ, ಮುಂದಿನವನಿಗೆ ದಾಟಿಸುತ್ತಾರೆ. ಕಟ್ಟಕಡೆಯವನೊಬ್ಬ 75 ಓಮಿನ ಸ್ವಿಚ್ಚು ಒತ್ತಿ ಭಾರ ಹೊರುತ್ತಾನೆ, ಎಲ್ಲರಿಗೂ ಪೂರ್ತಿ ಒಂದು ವೋಲ್ಟ್. ನಡುವಿನವನೊಬ್ಬ ತಾನೂ ಯಜಮಾನನೆಂದು ಸ್ವಿಚ್ಚು ಒತ್ತಿದರೆ ಆ ಗಳಿಗೆಯೇ ಮನೆ ಪಾಲು, 0.67. ಯಾರೂ ಒತ್ತದಿದ್ದರೆ ಎರಡೂ ವೋಲ್ಟು ಪರದೆಗೆ ನುಗ್ಗಿ ವಧುವಿನ ಮುಖ ಸುಣ್ಣ ಹೊಡೆದ ಗೋಡೆ.

ಅಂಗಡಿಯವರು ಆಂಪ್ಲಿಫೈಯರ್ ಡಬ್ಬಿ ತೋರಿಸುತ್ತಾರೆ. ಅದು ಒಂದನ್ನು ಎರಡು ಮಾಡಿಕೊಂಡು, ಬಾಗಿಲಿಗೊಂದು 75 ಓಮ್ ಇಟ್ಟು, ನಾಲ್ವರಿಗೂ ಪೂರ್ತಿ ಒಂದೊಂದು ವೋಲ್ಟ್ ಕೊಡುತ್ತದೆ. ಯಾವ ಸ್ಮೃತಿಕಾರನೂ ಇಂಥ ತಂದೆಯನ್ನು ಕಂಡಿರಲಿಲ್ಲವಾದ್ದರಿಂದ ಇದು ಅಶಾಸ್ತ್ರೀಯ. ಮೇಲಾಗಿ ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಮುಹೂರ್ತದ ಹೊತ್ತಿಗೆ ಅದರ ಪ್ಲಗ್ ಕಿತ್ತು ಯಾರೋ ಮೊಬೈಲ್ ಚಾರ್ಜಿಗೆ ಹಾಕಿರುತ್ತಾರೆ, ನಾಲ್ಕೂ ಪರದೆ ಒಟ್ಟಿಗೆ ಆರಿರುತ್ತವೆ. ವಿಚಾರಿಸಿದರೆ ಆ ಮೊಬೈಲು ವರನ ಸೋದರಮಾವನದು. ಅದನ್ನು ಕೀಳುವ ಅಧಿಕಾರವನ್ನು ವಿಜ್ಞಾನೇಶ್ವರನೂ ಯಾರಿಗೂ ಕೊಟ್ಟಿಲ್ಲ.