ದೊಡ್ಡ ಹುಣಸೆಯವರೊಡನೆ ಸಂದರ್ಶನ

ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡ ಹುಣಸೆ ಕಲ್ಮಠದ ಆವರಣದಲ್ಲಿ, ಆನೆಯ ಚರ್ಮದಂತಹ ಬೂದುಬಣ್ಣದ ತೊಗಟೆಯನ್ನು ಹೊದ್ದು ನಿಂತಿರುವ, ಸಸ್ಯಶಾಸ್ತ್ರಜ್ಞರು ಅಡನ್ಸೋನಿಯಾ ಡಿಜಿಟೇಟಾ ಎಂದು ಕರೆಯುವ ಮಹಾವೃಕ್ಷಗಳು ಈ ನಾಡಿನವೋ ಅಲ್ಲವೋ ಎಂಬ ಜಿಜ್ಞಾಸೆಯನ್ನು ಇತ್ಯರ್ಥಗೊಳಿಸಲೋಸುಗ, ವಾಸಸ್ಥಳ ದೃಢೀಕರಣದ ನಮೂನೆಯೊಂದನ್ನು ಕೈಯಲ್ಲಿ ಹಿಡಿದು, ಅವುಗಳಲ್ಲೊಂದರ ಬುಡದಲ್ಲಿ ಕುಳಿತು ನಡೆಸಿದ ಸಂಭಾಷಣೆಯಿದು.

ನಾನು: ತಮ್ಮ ಮೂಲಸ್ಥಾನ?

ವೃಕ್ಷ: ಉತ್ತರದವರು ಗೋರಖ ಇಮಲಿಯೆಂದು ಹೆಸರಿಟ್ಟು ನನ್ನನ್ನು ನಾಥಪಂಥಕ್ಕೆ ಸೇರಿಸಿಬಿಟ್ಟಿರುವರು. ವಂಶವಾಹಿಗಳನ್ನು ಪರೀಕ್ಷಿಸಿದ ವಿದ್ವಾಂಸರಾದರೋ, ಆಫ್ರಿಕದ ಕರಾವಳಿಯಲ್ಲಿ ನನ್ನ ದಾಯಾದಿಗಳನ್ನು ಪತ್ತೆಹಚ್ಚಿ, ಮನುಷ್ಯರೇ ನಮ್ಮನ್ನು ಹಲವು ಬಾರಿ ಭರತಖಂಡಕ್ಕೆ ತಂದರೆಂದು 2015ರಲ್ಲಿ ತೀರ್ಪಿತ್ತರು.

ನಾನು: ಹಾಗಿದ್ದಲ್ಲಿ ಪರಕೀಯರೆಂದು ಬರೆದುಕೊಳ್ಳಲೇ?

ವೃಕ್ಷ: ಅವಸರವೇಕೆ, ತಮ್ಮಾ? ವಾಯವ್ಯ ಆಸ್ಟ್ರೇಲಿಯದಲ್ಲಿ ನನ್ನ ಜ್ಞಾತಿಯೊಬ್ಬನಿರುವನು. ಅವನ ಪೂರ್ವಜರ ಕಾಯಿಯೂ ಕಡಲಲ್ಲಿ ತೇಲಿಹೋಗಿ ಅಲ್ಲಿನ ದಡ ಸೇರಿತೆಂದೇ ಪಂಡಿತರು ಊಹಿಸುತ್ತಾರೆ. ಆದರೂ ಅವನು ಆ ನಾಡಿನ ಸ್ವಂತ ಮರ. ಅಲೆಯು ಹೊತ್ತು ತಂದುದು ಸ್ಥಳೀಯ, ಹಡಗಿನವನು ಚೀಲದಲ್ಲಿ ತಂದುದು ಪರದೇಶಿ! ಮನುಷ್ಯನ ಕೈ ತಾಗಿದೊಡನೆ ಮೈಲಿಗೆಯಾಗುವುದೆಂಬ ಈ ಶಾಸ್ತ್ರವನ್ನು ರಚಿಸಿದವನು ಮನುಷ್ಯನೇ ಅಲ್ಲವೇ?

ನಾನು: ಅದು ಲಕ್ಷಾಂತರ ವರ್ಷಗಳ ಹಿಂದಿನ ಮಾತು, ಸ್ವಾಮಿ.

ವೃಕ್ಷ: ಎಷ್ಟು ವರ್ಷ ಕಳೆದರೆ ಸಾಕೆಂಬುದಕ್ಕೆ ನಿಮ್ಮ ನಮೂನೆಯಲ್ಲಿ ಅಂಕಣವುಂಟೋ?

(ಇರಲಿಲ್ಲ. ಸಂಜೆ ಅರಳುವ ಇವರ ಬಿಳಿಯ ಹೂಗಳಿಗೆ ಮುತ್ತುವ ಬಾವಲಿಗಳ ಅಭಿಪ್ರಾಯಕ್ಕೂ ಅಂಕಣವಿರಲಿಲ್ಲ.)

ನಾನು: ವಯಸ್ಸು?

ವೃಕ್ಷ: ಊರವರು ಸಾವಿರಾರು ವರ್ಷವೆನ್ನುವರು. ಒಡಲೆಲ್ಲ ನೀರುಂಡ ಮೆತ್ತನೆಯ ನಾರು, ನಡುವೆ ಪೊಟರೆ. ಉಂಗುರಗಳಿಂದ ಸಾಕ್ಷ್ಯ ಹೇಳಿಸುವುದು ಕಷ್ಟ. ಅದಿರಲಿ, ಆ ಬುತ್ತಿಯಲ್ಲೇನಿದೆ?

ನಾನು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಮೆಣಸಿನಕಾಯಿಯ ಖಾರ. ಎಲ್ಲವೂ ಅಪ್ಪಟ ನಮ್ಮ ಸೀಮೆಯವು.

ವೃಕ್ಷ: ಜೋಳ ಆಫ್ರಿಕದ್ದು, ಉಳಿದೆರಡೂ ಅಮೆರಿಕದಿಂದ ಬಂದವು. ಖಾರಕ್ಕೆ ಕಿವುಚಿದ ಹುಣಸೆಹಣ್ಣೂ ನನ್ನ ತವರಿನ ಕಡೆಯದೇ. ಊಟಕ್ಕೆ ಮೊದಲು ಅವುಗಳ ನಮೂನೆಯನ್ನೂ ತುಂಬಿಸಿಕೊಳ್ಳುವಿರಷ್ಟೆ?

ನಾನು: ಖಾದ್ಯಪದಾರ್ಥಗಳು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಸ್ಥಳೀಯರ ಸಾಕ್ಷ್ಯವೇನಾದರೂ?

ವೃಕ್ಷ: 2023ರ ಮಳೆಗಾಲದಲ್ಲಿ ನಮ್ಮಲ್ಲೊಬ್ಬನು ಬುಡಸಮೇತ ಉರುಳಿದಾಗ, ಕಡಿದು ಸೌದೆ ಮಾಡದೆ, ಯಂತ್ರಗಳನ್ನು ತರಿಸಿ ಎತ್ತಿ ಮರಳಿ ನೆಟ್ಟರು.

ನಾನು: ಹಾಗಾದರೆ ಅವರ ವಾಸಾವಧಿಯನ್ನು ಮರುನಾಟಿಯ ದಿನದಿಂದ ಎಣಿಸಬೇಕಾಗುವುದು.

ವೃಕ್ಷ: ಎಣಿಸಿರಿ. ಅರ್ಜಿಯ ಶುಲ್ಕವೆಷ್ಟು?