ಮತ್ಸ್ಯಜಲಶೋಧನ ಮೀಮಾಂಸೆ

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ ಸುಮಾರು 680 ಲೀಟರ್ ಸಿಹಿನೀರು ಹಿಡಿಯುತ್ತದೆ. ಅಂಥ ತೊಟ್ಟಿ ಕೊಂಡು, ಅದರಲ್ಲಿ ಹೊಟ್ಟೆಬಾಕ ಆಸ್ಕರ್ ಮೀನುಗಳನ್ನು ಬಿಟ್ಟವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಬಾಟಲಿಯಲ್ಲಿ ಫೈಟರ್ ಸಾಕುವವರು ಮುಂದಿನ ಜನ್ಮದಲ್ಲಿ ಓದಬಹುದು. ವಿಷಯ: ಫಿಲ್ಟರ್ ಡಬ್ಬದೊಳಗೆ ಏನು ತುಂಬಬೇಕೆಂಬುದು. ಪ್ರಯೋಜನ: ಮೀನು ಬದುಕುವುದು. ಸಂಬಂಧ: ಅಂಗಡಿಯವನಿಗೂ ನಮಗೂ ನಡುವಿನ ಹಳೆಯ ಬಾಕಿ.

ಮೀನಿನ ಕರ್ಮಫಲ ಅಮೋನಿಯಾ. ಬಹುಪಾಲು ಕಿವಿರಿನಿಂದಲೇ ಹೊರಬೀಳುತ್ತದೆ. ಅದು ನೈಟ್ರೈಟ್ ಆಗಿ, ನೈಟ್ರೈಟ್ ಮತ್ತೆ ನೈಟ್ರೇಟ್ ಆಗಬೇಕು. ಮೊದಲೆರಡು ವಿಷ, ಮೂರನೆಯದನ್ನು ನೀರು ಬದಲಿಸುವ ತನಕ ಮೀನು ಸಹಿಸಿಕೊಳ್ಳುತ್ತದೆ. ಈ ಕೆಲಸಕ್ಕೆ ಎರಡು ಬೇರೆ ಜಾತಿಯ ಬ್ಯಾಕ್ಟೀರಿಯಾ ಬೇಕೆಂಬ ದ್ವೈತವನ್ನು 1890ರ ಆಸುಪಾಸಿನಲ್ಲಿ ರಷ್ಯಾದ ವಿನೋಗ್ರಾಡ್‌ಸ್ಕಿ ಸ್ಥಾಪಿಸಿದರು. ಎರಡನೆಯ ಹಂತದ ಕೀರ್ತಿ ಬಹುಕಾಲ ನೈಟ್ರೋಬ್ಯಾಕ್ಟರ್‌ಗೆ ಸಲ್ಲುತ್ತಿತ್ತು. ಸಿಹಿನೀರಿನ ತೊಟ್ಟಿಗಳಲ್ಲಿ ದುಡಿಯುತ್ತಿರುವುದು ನೈಟ್ರೋಸ್ಪೈರ ಎಂದು 1998ರಲ್ಲಿ ಬಯಲಾಗಿ ಆ ಗದ್ದುಗೆ ಅಲುಗಾಡಿತು. ಇಷ್ಟು ಸಾಲದೆಂಬಂತೆ 2015ರಲ್ಲಿ, ನೈಟ್ರೋಸ್ಪೈರಗಳಲ್ಲಿ ಕೆಲವು ಎರಡೂ ಹಂತಗಳನ್ನು ಒಂಟಿಯಾಗಿ ಮುಗಿಸಬಲ್ಲವೆಂದು ಸಾಬೀತಾಯಿತು. ಅದೂ ಮೀನುಸಾಕಣೆಯ ಫಿಲ್ಟರೊಂದರ ಸೂಕ್ಷ್ಮಜೀವಿಗಳಲ್ಲಿ! ಅದ್ವೈತಿಗಳು ಅಂದಿನಿಂದ ಬೀಗುತ್ತಿದ್ದಾರೆ. ಯಾರು ಗೆದ್ದರೂ ಬ್ಯಾಕ್ಟೀರಿಯಾದ ಬೇಡಿಕೆ ಬದಲಾಗಿಲ್ಲ: ಅಂಟಿಕೊಳ್ಳಲು ಜಾಗ, ಉಸಿರಾಡಲು ಆಮ್ಲಜನಕ.

ಇಲ್ಲಿ ಪೂರ್ವಪಕ್ಷಿಯಾಗಿ ಸಿರಾಮಿಕ್ ಉಂಗುರದ ವ್ಯಾಪಾರಿ ಎದ್ದು ನಿಲ್ಲುತ್ತಾನೆ. ತನ್ನ ಉಂಗುರದ ಒಡಲಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಕಬಡ್ಡಿ ಆಡಬಹುದು ಎಂದು ಅವನ ವಾದ. ಇದ್ದೀತು. ಆದರೆ ಅಷ್ಟು ಕಿರಿದಾದ ರಂಧ್ರದೊಳಕ್ಕೆ ನೀರು ಹರಿಯದು, ಆಮ್ಲಜನಕ ಆಳಕ್ಕೆ ತಲುಪದು. ಬ್ಯಾಕ್ಟೀರಿಯಾದ ಲೋಳೆಪದರವೇ ಬಾಗಿಲಿಗೆ ಅಡ್ಡ ಕೂರುತ್ತದೆ. ರಸ್ತೆಯಿಲ್ಲದ ಬಡಾವಣೆಯಲ್ಲಿ ಸೈಟು ಕೊಂಡ ಹಾಗಾಯಿತು.

ಸಿದ್ಧಾಂತ ಹೀಗೆ: ನೀರು ಬರುವ ಕಡೆ ಒರಟು ಸ್ಪಂಜು, ಆಮೇಲೆ ನಯವಾದದ್ದು. ಇಂಚಿಗೆ ಇಪ್ಪತ್ತು-ಮೂವತ್ತು ರಂಧ್ರವಿರುವ ಸ್ಪಂಜು ಹಿಕ್ಕೆಯನ್ನೂ ತಡೆಯುತ್ತದೆ, ಬ್ಯಾಕ್ಟೀರಿಯಾಕ್ಕೂ ಮನೆಯಾಗುತ್ತದೆ. ಉಳಿದ ಜಾಗಕ್ಕೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ ಸಾಕು, ಸೋಪು ಸೋಕದ ಹೊಸದಾಗಿದ್ದರೆ. ಸಿಂಕಿನ ಬಳಿಯಿಂದ ಎತ್ತಿಕೊಂಡು ಬರುವುದು ಶಾಸ್ತ್ರಸಮ್ಮತವಲ್ಲ. ಅಡುಗೆಮನೆಯ ಪೀಠ ಅದಕ್ಕೆ ಬಹಿಷ್ಕಾರ ವಿಧಿಸುತ್ತದೆ. ಇದ್ದಿಲು ಔಷಧಿಯನ್ನೂ ಬಣ್ಣವನ್ನೂ ಹೀರುತ್ತದೆ, ಕೆಲವು ವಾರಗಳಲ್ಲಿ ತುಂಬಿ ಸುಮ್ಮನಾಗುತ್ತದೆ. ಅಮೋನಿಯಾ ಅದರ ಇಲಾಖೆಯಲ್ಲ.

ಶುದ್ಧಿಪ್ರಕರಣದಲ್ಲಿ ವಿನಾಯಿತಿಯಿಲ್ಲ. ನಲ್ಲಿನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆದ್ದರಿಂದ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜು ಹಿಂಡಬೇಕು; ಎಲ್ಲವನ್ನೂ ಒಂದೇ ದಿನ ತೊಳೆಯಬಾರದು. ಫಳಫಳ ಹೊಳೆಯುವಂತೆ ತೊಳೆದವನು ಹೊಸ ಬ್ಯಾಕ್ಟೀರಿಯಾ ನೆಲೆಯೂರಲು ಮತ್ತೆ ನಾಲ್ಕಾರು ವಾರ ಕಾಯಬೇಕಾದೀತು. ಮೀನು ಅಷ್ಟು ದಿನ ಕಾಯುವುದಿಲ್ಲ. ಹಿಂಡಲು ಯಾವ ಬಕೆಟ್ ಎಂಬ ಪ್ರಶ್ನೆಯಲ್ಲಿ ಆಚಾರ್ಯರಲ್ಲೇ ಭಿನ್ನಮತವಿದೆ. ಸ್ನಾನದ ಬಕೆಟ್ ಆಗಬಹುದೆಂಬ ಪಕ್ಷವನ್ನು, ಕಾರಣ ಕೇಳುವ ಮೊದಲೇ, ಮನೆಯವರೆಲ್ಲ ಒಕ್ಕೊರಲಿನಿಂದ ಖಂಡಿಸಿದ್ದಾರೆ.