ಹುಲ್ಲಿಗೊಂದು ಕಾವಲು

ಬಿದಿರಿನಿಂದಲೇ ಬೀದರ ಎಂಬ ಹೆಸರು ಬಂತೆಂದು ಹಿರಿಯರ ಮಾತು. ವಿದುರನ ಊರು ಎನ್ನುವವರೂ ಇದ್ದಾರೆ, ಅವರೊಂದಿಗೆ ನನಗೆ ಜಗಳವಿಲ್ಲ. ಆದರೆ ಬಿದಿರಿನ ಹೆಸರು ಹೊತ್ತ ಜಿಲ್ಲೆಯಲ್ಲಿದ್ದುಕೊಂಡು, ನರ್ಸರಿಯಲ್ಲಿ ನಾನೂರು ರೂಪಾಯಿ ಎಣಿಸಿ ಬಿದಿರಿನ ಸಸಿ ತಂದವನು ಇಡೀ ಮೆಹಕರದಲ್ಲಿ ನಾನೊಬ್ಬನೇ ಇರಬೇಕು. ಹಳದಿ ಗಳದ ಮೇಲೆ ಹಸಿರು ಗೆರೆ. ನೋಡಲಿಕ್ಕೆ ಮದುಮಗಳು.

"ಬೇರು ಓಡಂಗಿಲ್ಲಲ್ಲ?" ಎಂದು ಮೂರು ಸಲ ಕೇಳಿದೆ. ಓಡುವ ಜಾತಿಯ ಬಿದಿರು ನೆಲದೊಳಗೇ ಹರಿದು ಪಕ್ಕದ ಅಂಗಳದಲ್ಲಿ ತಲೆ ಎತ್ತುತ್ತದೆ ಎಂದು ಓದಿದ್ದೆ. ನಮ್ಮ ಪಕ್ಕದವರಾದರೋ ಬೇವಿನ ಎಲೆ ಆಚೆ ಉದುರಿದರೂ ನಾಲ್ಕು ಮಂದಿ ಕೂಡಿಸುವವರು.

"ಇಲ್ರಿ ಸರ, ಇದು ಮೆಳಿ ಕಟ್ತದ. ಇದ್ದಲ್ಲೇ ಇರ್ತದ" ಎಂದ ನರ್ಸರಿಯ ಹುಡುಗ.

ಎರಡಡಿ ಗುಂಡಿ ತೋಡಿ, ನೀರು ನಿಲ್ಲದಂತೆ ಕರಿಮಣ್ಣಿಗೆ ಉಸುಕು ಬೆರೆಸಿ, ತಿಪ್ಪೆಗೊಬ್ಬರ ಹಾಕಿ ನೆಟ್ಟೆ. ಎರಡು ವರ್ಷ ಅದು ಬದುಕಿತ್ತು, ಅಷ್ಟೇ. ಮೇ ತಿಂಗಳಲ್ಲಿ ಬೋರು ಬರೀ ಗಾಳಿ ಉಗುಳುವಾಗ ನನ್ನ ಜಳಕದ ನೀರನ್ನೇ ಹಾಕಿದೆ. "ಬಿದಿರಿಂದು ಜಳಕ ಆತು. ನಿಮ್ದು ಎಂದ್ರೀ?" ಎಂದಳು ನಮ್ಮಾಕೆ.

ಮೂರನೇ ಮಳೆಗಾಲದಲ್ಲಿ ಕಳಲೆ ಬಂತು. ಮುಂಗೈ ದಪ್ಪ, ಕಂದು ರೋಮದ ಹಾಳೆ ಸುತ್ತಿಕೊಂಡ ಚೂಪು ಮೂತಿ. ಕಳಲೆ ನೆಲ ಸೀಳಿ ಬರುವಾಗಲೇ ತನ್ನ ಪೂರ್ತಿ ದಪ್ಪ ಹೊತ್ತು ಬರುತ್ತದೆ. ಆಮೇಲೆ ಬರೀ ಎತ್ತರ, ಅದೂ ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ನಿವೃತ್ತನಾದ ಮೇಲೆ ನನ್ನದು ಇದರ ಉಲ್ಟಾ. ರವಿಕೆ ಅಳೆಯುವ ಟೇಪು ಕದ್ದು ದಿನಾ ಅಳೆದೆ. ನಾಲ್ಕು ಬೆರಳು, ಆರು ಬೆರಳು, ಒಂದು ಗೇಣು! ಬೆಳೆಯುವುದನ್ನು ಕಣ್ಣಾರೆ ನೋಡಿಯೇ ಬಿಡಬೇಕೆಂಬ ಹುಚ್ಚು ಹಿಡಿಯಿತು.

ರಾತ್ರಿ ಹನ್ನೊಂದು. ಜಿಟಿಜಿಟಿ ಮಳೆ. ತಲೆಗೆ ಗೊಬ್ಬರದ ಚೀಲ, ಕೈಯಲ್ಲಿ ಬ್ಯಾಟರಿ, ಕುಕ್ಕುರುಗಾಲಲ್ಲಿ ನಾನು. ಉಸಿರು ಬಿಗಿಹಿಡಿದು ಕಳಲೆಯ ಮೂತಿಗೆ ಬೆಳಕು ಬಿಟ್ಟಿದ್ದೆ. ಪಕ್ಕದ ಮಾಳಿಗೆಯಿಂದ ಯಾರೋ ನೋಡಿದರು. ಇಂಥ ಹೊತ್ತಿನಲ್ಲಿ ಮುದುಕನೊಬ್ಬ ಅಲ್ಲಾಡದೆ ಏನನ್ನು ದಿಟ್ಟಿಸುತ್ತಾನೆ?

"ಹಾವು!" "ಸಾಪ!" "ಸಾಂಪ್!" ಕನ್ನಡ, ಮರಾಠಿ, ಉರ್ದು ಮೂರೂ ಒಟ್ಟಿಗೇ ಎದ್ದವು. ನಮ್ಮ ಗಡಿಯೂರಿನ ಐಕ್ಯ ಅಂದರೆ ಇದು. ಇಪ್ಪತ್ತು ಮಂದಿ ಗೋಡೆ ಹಾರಿದರು. ಎಲ್ಲರ ಕೈಯಲ್ಲೂ ಬಡಿಗೆ, ಎಲ್ಲವೂ ಬಿದಿರಿನವೇ.

"ಸರ, ಹಿಂದ ಸರೀರಿ! ಹೆಡಿ ಎತ್ತ್ಯದ!"

ನಾನು ಕಳಲೆಗೆ ಅಡ್ಡ ಕೈಚಾಚಿ ನಿಂತೆ. "ಹೊಡಿಬ್ಯಾಡ್ರಿ, ಇದು ಹುಲ್ಲು!"

"ಹುಲ್ಲಿಗಿ ಬ್ಯಾಟರಿ ಹಿಡದು ಕುಂತೀರ್‍ಯಾ?"

ಮೂವತ್ತು ವರ್ಷ ಪಾಠ ಮಾಡಿದ ಬಾಯಿ ಸುಮ್ಮನಿರಲಿಲ್ಲ. ಬಿದಿರು ಹುಲ್ಲಿನ ಕುಲದ್ದೆಂದೂ, 2017ರಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಕಾಡಿನಾಚೆಯ ಬಿದಿರನ್ನು ಮರದ ಲೆಕ್ಕದಿಂದ ತೆಗೆಯಿತೆಂದೂ, ಎತ್ತಿದ ಬಡಿಗೆಗಳ ಕೆಳಗೆ ನಿಂತು ವಿವರಿಸಿದೆ. ಬಡಿಗೆಗಳು ಕೆಳಗಿಳಿದವು. ಜ್ಞಾನೋದಯಕ್ಕಲ್ಲ, ಬೇಸರಕ್ಕೆ.

ಗುಂಪಿನಲ್ಲಿ ಬುಟ್ಟಿ ಹೆಣೆಯುವ ಮೇದಾರ ಕಾಕಾನೂ ಇದ್ದ. ಎಲ್ಲರೂ ಹೋದ ಮೇಲೆ ಹಳೆಯ ಗಳವೊಂದನ್ನು ಉಗುರಿನಿಂದ ತಟ್ಟಿ ನೋಡಿದ.

"ಛಂದ ಅದ ಸರ. ಬುಟ್ಟಿಗಿ ಬರಂಗಿಲ್ಲ." ಸ್ವಲ್ಪ ತಡೆದು ಅಂದ, "ಮೊದಲ ಲಗ್ನ ಅಂದ್ರ ಮರ, ಬುಟ್ಟಿ ಕೇಳ್ಕೋತ ಬರ್ತಿದ್ರು. ಈಗ ಯಾರರೆ ಸತ್ರ ವಿಮಾನ ಕಟ್ಲಾಕ ಅಷ್ಟೇ ನಮ್ಮ ನೆನಪು."

ಹನ್ನೆರಡನೇ ಶತಮಾನದಲ್ಲಿ ಬುಟ್ಟಿ ಹೆಣೆಯುತ್ತಲೇ ಶರಣನೆನಿಸಿದ ಮೇದಾರ ಕೇತಯ್ಯನ ಕಲ್ಯಾಣ ನಮ್ಮ ಜಿಲ್ಲೆಯದೇ. ವರ್ಷಾ ವರ್ಷಾ ಮಕ್ಕಳಿಗೆ ಅದನ್ನು ಹೇಳಿ ಚಪ್ಪಾಳೆ ತಟ್ಟಿಸಿದವನು ನಾನು. ನಮ್ಮ ಮನೆಯ ರೊಟ್ಟಿಬುಟ್ಟಿ ಪ್ಲಾಸ್ಟಿಕ್ಕಿನದು.

ಮರುದಿನ ಕಾಕಾನಿಗೆ ರೊಟ್ಟಿಬುಟ್ಟಿಯೊಂದಕ್ಕೆ ಹೇಳಿಬಂದೆ. ಇನ್ನೂರು ರೂಪಾಯಿ, ಸಸಿಯ ಅರ್ಧ ಬೆಲೆ. ಕಳಲೆ ಈಗ ಮಾಳಿಗೆ ದಾಟಿದೆ, ಬುಡದಲ್ಲಿ ಇನ್ನೆರಡು ಮೂತಿ ಕಾಣುತ್ತಿವೆ. ಓಣಿಯವರಲ್ಲಿ ಒಂದೇ ವಿನಂತಿ: ರಾತ್ರಿ ನಮ್ಮ ಅಂಗಳದಲ್ಲಿ ಬೆಳಕು ಕಂಡರೆ ಧಾರಾಳವಾಗಿ ಬನ್ನಿ, ಚಹಾ ಕೊಡುತ್ತೇನೆ. ಬಡಿಗೆ ಮಾತ್ರ ಮನೆಯಲ್ಲೇ ಇರಲಿ.